ನೀರು ನಿಂತೈತೆ, ಮೇಡಮ್ಮೋರೇ

ಕೋವಿಡ್ ಕಳೆದ ಮರುವರ್ಷದ ಮಳೆಗಾಲ. ನಾನಾಗ ಮಂಡ್ಯದಲ್ಲಿ ಭೂವಿಜ್ಞಾನಿ. ನಿವೃತ್ತಿಗೆ ಎರಡು ವರ್ಷ ಬಾಕಿ. ಹಲಗೂರಿನಾಚೆ ಒಂದು ಗುಡ್ಡದಲ್ಲಿ ಅದಿರು ಇದೆಯೇ ಎಂದು ನೋಡಲು ಪರೀಕ್ಷಾ ಸುರಂಗ ಕೊರೆಯುತ್ತಿದ್ದರು. ಸುರಂಗದ ಬಾಯಿಯ ಮೇಲೆ ಗುಡ್ಡವನ್ನು ಹದಿನಾಲ್ಕು ಮೀಟರ್ ಎತ್ತರಕ್ಕೆ ಕಡಿದಿದ್ದರು. ಆ ಇಳಿಜಾರು ಕುಸಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಇಂಥ ಇಳಿಜಾರನ್ನು ಬೀಳಿಸುವುದು ಒಳಗೆ ಸೇರಿಕೊಂಡ ನೀರು. ಅದಕ್ಕೇ ಇಳಿಜಾರಿನ ಮೈಗೆಲ್ಲ ಸಿಮೆಂಟ್ ಹೊಡೆಸಿ, ನೀರು ಹೊರಬರಲೆಂದು ಹನ್ನೆರಡು ಪಿವಿಸಿ ಪೈಪ್ ಇಡಿಸಿದ್ದೆ. ಪೈಪಿನಲ್ಲಿ ನೀರು ಸುರಿಯುತ್ತಿರುವವರೆಗೆ ಭಯವಿಲ್ಲ. ಅವನ್ನು ದಿನವೂ ನೋಡಲು ಪಕ್ಕದ ಹೊಲದ ಸಾಕಮ್ಮನನ್ನು ಗೊತ್ತುಮಾಡಿದ್ದೆ. ಆಕೆಯ ಗಂಡ ಜವರೇಗೌಡ ಸುರಂಗದೊಳಗೆ ಡ್ರಿಲ್ ಹಿಡಿಯುತ್ತಿದ್ದ. "ನೀರು ನಿಂತರೆ ತಕ್ಷಣ ಫೋನ್ ಮಾಡಮ್ಮ" ಎಂದಷ್ಟೇ ಹೇಳಿದ್ದೆ. ದೊಡ್ಡ ಬುದ್ಧಿವಂತೆ ನಾನು!

ಮೂರು ದಿನ ಬಿಡದೆ ಮಳೆ ಹೊಯ್ದು ನಾಲ್ಕನೆಯ ದಿನ ಬಿಸಿಲು ಬಂತು. ಬೆಳಿಗ್ಗೆ ಒಂಬತ್ತಕ್ಕೆ ಸಾಕಮ್ಮನ ಫೋನ್.

"ಮೇಡಮ್ಮೋರೇ, ನೀರು ನಿಂತೈತೆ."

ಆ ಮೂರು ದಿನ ಬೇರೆ ಕೆಲಸದ ಜಾಗಗಳಿಂದ ಬಂದ ಫೋನೆಲ್ಲ ಅದೇ. ಈ ಗುಂಡಿಯಲ್ಲಿ ನೀರು ನಿಂತಿದೆ, ಆ ದಾರಿಯಲ್ಲಿ ನೀರು ನಿಂತಿದೆ. ಇದೂ ಸುರಂಗದ ಬಾಯಲ್ಲಿ ಮಡುಗಟ್ಟಿದ ಮಳೆನೀರು ಎಂದುಕೊಂಡೆ. "ಮೋಟರ್ ಹಾಕಿ ಆಚೆ ಚೆಲ್ಲಿಸು, ಬರ್ತೀನಿ."

"ಮೋಟ್ರಾ?" ಎಂದಳು. ನಾನು ಫೋನ್ ಕಟ್ ಮಾಡಿದೆ. ಹೊರಟವಳು ಮಳವಳ್ಳಿಯಲ್ಲಿ ಜೀಪು ನಿಲ್ಲಿಸಿ ನಿಧಾನವಾಗಿ ಇಡ್ಲಿ ತಿಂದೆ. ಆ ಇಡ್ಲಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೊಂದಕ್ಕೆ ತಲುಪಿದರೆ ಸುರಂಗದ ಮುಂದೆ ನೀರೇ ಇಲ್ಲ.

"ಎಲ್ಲಮ್ಮ ನೀರು?" ಎಂದು ಗದರಿದೆ.

"ಇಲ್ಲ ಅಂತಾನೇ ಕಣ್ರವ್ವ ಫೋನ್ ಮಾಡಿದ್ದು! ಪೈಪ್ನಾಗೆ ಒಂದು ತೊಟ್ಟೂ ಬತ್ತಾ ಇಲ್ಲ. ಯಾವ ನೀರಿಗೆ ಮೋಟ್ರು ಆಕ್ಸಲಿ?"

ತಲೆಯೆತ್ತಿ ನೋಡಿದೆ. ಹನ್ನೆರಡು ಪೈಪೂ ಒಣಗಿದ್ದವು. ಜೇಡಿಮಣ್ಣು ಪೈಪುಗಳ ಒಳತುದಿಗೆ ಕಟ್ಟಿಸಿದ್ದ ಜಾಲರಿಗೆ ಮೆತ್ತಿಕೊಂಡು ದಾರಿ ಮುಚ್ಚಿತ್ತು. ಮೂರು ದಿನದ ಮಳೆಯೆಲ್ಲ ಗುಡ್ಡದ ಹೊಟ್ಟೆಯಲ್ಲೇ ಇತ್ತು. ಸಿಮೆಂಟಿನ ಮೇಲೆ ಬೆರಳು ತೂರುವಷ್ಟು ಅಗಲದ ಬಿರುಕು. ಸುರಂಗದೊಳಗೆ ಐದು ಜನರಿದ್ದರು.

ಡ್ರಿಲ್ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಡ್ರಿಲ್ ಓಡಲು ಗಾಳಿ ಕೊಡುವ ಕಂಪ್ರೆಸರ್ ಹೊರಗಿತ್ತು. ಓಡಿಹೋಗಿ ಅದನ್ನೇ ಆರಿಸಿದೆ. ಬೈಯುವುದಕ್ಕಾದರೂ ಹೊರಗೆ ಬರಲಿ!

"ಯಾವನ್ಲಾ ಅವ್ನು ಗಾಳಿ ಆರ್ಸಿದ್ದು?" ಎನ್ನುತ್ತ ಒಬ್ಬ ಬಂದ. ಹಿಂದೆ ಮೂವರು. ಜವರೇಗೌಡ ಮಾತ್ರ ಇಲ್ಲ.

"ಡ್ರಿಲ್ ರಾಡ್ ಬಂಡೇಲಿ ಸಿಕ್ಕಾಕ್ಕೊಂಡೈತೆ, ಬಿಚ್ತಾವ್ನೆ" ಎಂದರು.

"ಗುಡ್ಡ ಬಿರುಕು ಬಿಟ್ಟಿದೆ, ಅವನನ್ನೂ ಕರೀರಿ!" ಎಂದೆ. ಸಾಕಮ್ಮ ಸುರಂಗದ ಬಾಯಿಗೇ ಓಡಿದಳು. "ಗುಡ್ಡ ಬೀಳ್ತದೆ! ಆ ಕಬ್ಣ ಅಲ್ಲೇ ಬುಡು, ಬಾ ಈಚೆಗೆ!"

"ಏನಮ್ಮೀ ನಿನ್ ಗಲಾಟೆ" ಎಂದು ಗೊಣಗುತ್ತ ಜವರೇಗೌಡ ಬಂದ. ಅವನ ತೋಳು ಹಿಡಿದು ಎಳೆದುಕೊಂಡೇ ಹೊಲದ ಬದುವಿನವರೆಗೆ ಹೋದಳು. ನಾವೆಲ್ಲ ಹಿಂದೆ ಓಡಿದೆವು.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಟ್ರ್ಯಾಕ್ಟರಿನಿಂದ ಜಲ್ಲಿ ಸುರಿದಂಥ ಸದ್ದು. ಇಳಿಜಾರು ಪೈಪುಗಳ ಸಮೇತ ಜಾರಿ ಸುರಂಗದ ಬಾಯಿ ಮುಚ್ಚಿಹೋಯಿತು.

ಸಾಕಮ್ಮ ಹೆದರುತ್ತ ಕೇಳಿದಳು. "ನಾನು ಸರ್ಯಾಗಿ ಏಳ್ನಿಲ್ವಾ, ಮೇಡಮ್ಮೋರೇ?"

"ಸರಿಯಾಗೇ ಹೇಳಿದೆ, ತಾಯಿ. ಕೇಳಿಸಿಕೊಳ್ಳಬೇಕಾಗಿದ್ದು ನಾನು."

ಜಾಲರಿ ಕಟ್ಟಿಕೊಂಡಿತ್ತು ಎಂದು ವರದಿ ಬರೆದೆ. ನನ್ನ ಕಿವಿಯೂ ಕಟ್ಟಿಕೊಂಡಿತ್ತು ಎಂಬುದನ್ನು ಮುಚ್ಚಿಡಲಿಲ್ಲ. ಅಂದಿನಿಂದ ಯಾರು "ನೀರು ನಿಂತಿದೆ" ಎಂದರೂ ಫೋನ್ ಇಡುವ ಮುಂಚೆ ಕೇಳುತ್ತಿದ್ದೆ: ಹರಿಯೋದು ನಿಂತಿದೆಯಾ, ಹರಿಯದೆ ನಿಂತಿದೆಯಾ? ಕೇಳಲು ಹತ್ತು ಸೆಕೆಂಡ್ ಸಾಕು. ಆ ದಿನ ನನ್ನ ಬಳಿ ಎರಡು ಗಂಟೆ ಇತ್ತು.