ಬೆಲ್ಲದ ಮಂಡಿಯವರ ಚಂದಾ

ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯವರು ಬೆಲ್ಲದ ಮಂಡಿ ಇಟ್ಟಿದ್ದರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಿತ್ತು. ಆ ಕಾಯಿಲೆ ಯಾಕೆ ಬರುತ್ತದೆ, ಹೇಗೆ ವಾಸಿಯಾದೀತು ಎಂದು ಬೆಂಗಳೂರಿನ ಡಾಕ್ಟರೊಬ್ಬರು ಸಂಶೋಧನೆ ಮಾಡುತ್ತಿದ್ದಾರೆಂದು ತಿಳಿದ ಮೇಲೆ, ಇವರು ಅದಕ್ಕಾಗಿ ಪೇಟೆಯಲ್ಲೆಲ್ಲ ಚಂದಾ ಎತ್ತತೊಡಗಿದರು. ಕೊಟ್ಟ ಕೈ ಬರಿದಾಗಿ ಹೋಗಬಾರದೆಂಬುದು ಮಂಡಿಯ ಪದ್ಧತಿ. ಹಾಗಾಗಿ ಚಂದಾ ಕೊಟ್ಟವರ ಅಂಗೈಗೆಲ್ಲ ಒಂದು ಚೂರು ಬೆಲ್ಲ ಇಟ್ಟು, "ಬಾಯಿ ಸಿಹಿ ಮಾಡ್ಕಳ್ಳಿ" ಎನ್ನುವರು. ತೆಲುಗಿನವರಿಗಾದರೆ "ನೋರು ತೀಪಿ ಚೇಸ್ಕೋಂಡಿ."

"ಸಕ್ಕರೆ ಕಾಯ್ಲೆ ಚಂದಾಕ್ಕೆ ಬೆಲ್ಲ ಕೊಡ್ತೀರಲ್ಲಣ್ಣ?" ಎಂದು ನಾನೊಮ್ಮೆ ಕೇಳಿದೆ.

"ಬೆಲ್ಲಕ್ಕೂ ಆ ಕಾಯ್ಲೆಗೂ ಏನ್ ಸಂಬಂಧ ಕಣಮ್ಮ? ಅದು ಸಕ್ಕರೇದು," ಎಂದರು.

ಒಂದು ದಿನ ಆ ಡಾಕ್ಟರೇ ಮಂಡಿಯವರ ಮನೆಗೆ ಬಂದರು. ಇವರು ಚಂದಾದ ಗಂಟು ಒಪ್ಪಿಸಿ, ರೂಢಿಯಂತೆ ಬೆಲ್ಲ ಚಾಚಿದರು. ಡಾಕ್ಟರು ಕೈ ಹಿಂದಕ್ಕೆಳೆದುಕೊಂಡು, "ಬೇಡಿ, ನನಗೂ ಅದೇ ಕಾಯಿಲೆ," ಎಂದರು.

ಇವರು ಬೆಲ್ಲವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಹೆಂಡತಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದು, "ಊರೆಲ್ಲಾ ಸುತ್ತಿ ನನ್ನಂಥೋರ್ನೇ ಹುಡುಕ್ಬುಟ್ರಲ್ಲ!" ಎಂದು ನಕ್ಕರು.

"ಸುಮ್ಕಿರು, ಒಳ್ಳೇದೇ ಆಯ್ತು," ಎಂದ ಇವರು ಡಾಕ್ಟರ ಕಡೆ ತಿರುಗಿದರು. "ಇವಳ ಕಣ್ಣು ಪೂರ್ತಿ ಹೋಗೋದ್ರೊಳ್ಗೆ ಕಂಡ್ಹಿಡೀಬೇಕು ಸ್ವಾಮಿ. ಈಗ ನಿಮ್ಗೂ ಆತ್ರ ಐತಲ್ಲ."

ಮಾರನೆಯ ದಿನದಿಂದ ಚಂದಾ ಕೊಟ್ಟವರ ಅಂಗೈಗೆ ಉಪ್ಪು ಹಾಕಿ ಹುರಿದ ಕಡಲೆಬೀಜ ಬೀಳುತ್ತಿತ್ತು. "ಬಾಯಿ ಸಿಹಿ ಮಾಡ್ಕಳ್ಳಿ" ಎನ್ನುವುದನ್ನು ಮಾತ್ರ ಅವರು ಬಿಡಲಿಲ್ಲ.