ಧೂಳಿನ ಲೆಕ್ಕಕ್ಕೆ ಬಿದ್ದ ಕುಂಕುಮ

ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ಧೂಳಿಲ್ಲದ ಕೋಣೆಯ ಬಾಗಿಲಲ್ಲೇ ಒಂದು ಒದ್ದೆ ಬಟ್ಟೆ ಕೊಟ್ಟು, ಹಣೆಯ ಕುಂಕುಮ ಒರೆಸಿಕೊಂಡು ಒಳಗೆ ಬಾ ಎಂದರು. ನಮ್ಮ ಕಡೆ ಹೆಂಗಸಿನ ಹಣೆ ಒರೆಸುವುದು ಯಾವತ್ತು ಎಂದು ಜರ್ಮನಿಯವರಿಗೇನು ಗೊತ್ತು? ಒರೆಸಿಕೊಂಡೆ.

ನಿಯಮವೇನೋ ಸರಿಯೇ. ವಿಶ್ವ ಹುಟ್ಟಿದ ಕಾಲದ ಬೆಳಕು ಇನ್ನೂ ಆಕಾಶದ ತುಂಬ ಇದೆ, ಕಣ್ಣಿಗೆ ಕಾಣದಷ್ಟು ಕ್ಷೀಣವಾಗಿ. ದೂರದರ್ಶಕದಲ್ಲಿ ಅದನ್ನು ಹಿಡಿಯುವ ಪುಟ್ಟ ಲೋಹದ ಬಿಲ್ಲೆಗಳನ್ನು ಸುಧಾರಿಸುವುದು ನಮ್ಮ ಕೆಲಸ. ವಿಪರೀತ ಚಳಿಯಲ್ಲಿಟ್ಟರೆ ಆ ಲೋಹದಲ್ಲಿ ಕರೆಂಟು ಅಡ್ಡಿಯಿಲ್ಲದೆ ಹರಿಯುತ್ತದೆ. ಆ ಬೆಳಕಿನ ಬಿಸಿ ಒಂದಿಷ್ಟು ತಾಗಿದರೂ ಹರಿವು ಬದಲಾಗಿ ನಮಗೆ ತಿಳಿಯುತ್ತದೆ. ತಯಾರಿಸುವಾಗ ಒಂದು ಕಣ ಧೂಳು ಬಿದ್ದರೂ ಬಿಲ್ಲೆ ಹಾಳು.

ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಪಕ್ಕ ಕೂತವರು ಕವಲಂದೆ ಬರುವಷ್ಟರಲ್ಲಿ ನಮ್ಮ ಸಂಬಳ, ಮದುವೆ ಎಲ್ಲ ಕೇಳಿ ಮುಗಿಸಿರುತ್ತಾರೆ. ಇಲ್ಲಿ ಎದುರುಮನೆಯಾಕೆ ನನ್ನೊಡನೆ ಆಡಿದ ಮೊದಲ ಮಾತು ಕುಕ್ಕರಿನ ವಿಷಲ್ ಬಗ್ಗೆ. ಭಾನುವಾರವೆಲ್ಲ 'ರೂಹೆತ್ಸೈಟ್' ಅಂತೆ, ಸದ್ದು ಮಾಡಬಾರದ ಹೊತ್ತು. ಬೇಯುವ ಬೇಳೆಗೂ ಬಾಯಿ ಮುಚ್ಚಿಸುವ ಊರು.

ಅಪ್ಪನದು ನರಸೀಪುರದಲ್ಲಿ ಲೇತ್ ಅಂಗಡಿ. ಹೋದ ವರ್ಷ ಆಯುಧಪೂಜೆಯ ದಿನ ಫೋನ್ ಮಾಡಿ, "ನಿನ್ ಮಿಷನ್ನಿಗೆ ಕುಂಕುಮ ಇಟ್ಯೇನವ್ವ? ಅನ್ನ ಕೊಡೋದು ಅದೇ ಕಣವ್ವ," ಎಂದ. ಬಿಲ್ಲೆಗಳನ್ನು ತಣಿಸುವ, ಪೀಪಾಯಿಯಂಥ ಯಂತ್ರ ಧೂಳಿಲ್ಲದ ಕೋಣೆಯ ಆಚೆ ಮಾಮೂಲಿ ಹಜಾರದಲ್ಲಿತ್ತು. ಅದರ ಹೊರಗಿನ ಉಕ್ಕಿಗೆ ಒಂದೇ ಒಂದು ಬೊಟ್ಟು ಇಟ್ಟೆ. ಇದರಿಂದ ಯಾರಿಗೇನು ತೊಂದರೆ ಅಂದುಕೊಂಡೆ.

ಆ ಸಲ ಯಂತ್ರ ಬೇಕಾದಷ್ಟು ತಣಿಯಲಿಲ್ಲ. ನಮ್ಮ ಮುಖ್ಯಸ್ಥ ಬಂದು ಸುತ್ತ ನೋಡಿ, ಬೊಟ್ಟಿನ ಮೇಲೆ ಬೆರಳಿಟ್ಟು, ಈ ಧೂಳೇ ಕಾರಣ ಎಂದ. ಹೊರಗಿನ ಕುಂಕುಮ ಉಕ್ಕು ದಾಟಿ ಒಳಗೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿಲ್ಲವೇ? ಮೊದಲೇ ಪಾಸಾಗಿದ್ದ ಬಿಲ್ಲೆಗಳನ್ನು ಚಿಲಿಯ ಬೆಟ್ಟದ ಮೇಲಿನ ದೂರದರ್ಶಕಕ್ಕೆ ಜೋಡಿಸಲು ನಾನು ಹೋಗಬೇಕಿತ್ತು. ಆ ಒಂದು ದಿನಕ್ಕಾಗಿಯೇ ನಾನು ಇಷ್ಟು ವರ್ಷ ಈ ಚಳಿ ಸಹಿಸಿದ್ದು. ಆ ಬೊಟ್ಟಿನ ನೆಪದಲ್ಲಿ ನನ್ನ ಬದಲು ಇನ್ನೊಬ್ಬನನ್ನು ಕಳಿಸಿದರು. ಯಂತ್ರ ಬಿಚ್ಚಿ ನೋಡುವಷ್ಟರಲ್ಲಿ ಅವನು ವಿಮಾನ ಹತ್ತಿಯಾಗಿತ್ತು. ಒಳಗೆ ಒಂದು ತಂತಿ ಗೋಡೆಗೆ ತಾಗಿ ಬಿಸಿ ಎಳೆಯುತ್ತಿತ್ತು. ಅದನ್ನು ಕಟ್ಟಿದವನು ಮುಖ್ಯಸ್ಥನೇ. ಹೀಗೂ ಆಗುತ್ತದೆ ಎಂದ, ಅಷ್ಟೇ. ನನ್ನದಾದರೆ ಮೌಢ್ಯ, ಅವನದಾದರೆ ಆಕಸ್ಮಿಕ. ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡು ಅತ್ತಿದ್ದೆ.

ಈ ವರ್ಷ ಆಯುಧಪೂಜೆಗೆ ಊರಿಗೆ ಹೋದೆ. ಅಪ್ಪ ಲೇತ್‌ಗೆ ಹೂ ಹಾಕಿ, ಕುಂಕುಮದ ಬಟ್ಟಲು ಹಿಡಿದು ನನ್ನ ಹಣೆಗಿಡಲು ಬೆರಳು ಚಾಚಿದ. ನಾನು ಥಟ್ಟನೆ ಹಿಂದೆ ಸರಿದೆ. ಬೇಕೆಂದು ಸರಿಯಲಿಲ್ಲ, ಪುಡಿ ಕಂಡರೆ ಈಗ ಮೈ ತಾನಾಗಿಯೇ ಸರಿಯುತ್ತದೆ. ಅಭ್ಯಾಸವಾಗಿಬಿಟ್ಟಿದೆಯಪ್ಪ ಎಂದು ಏನೇನೋ ತೊದಲಿದೆ.

ಅಪ್ಪ ಬಟ್ಟಲು ಕೆಳಗಿಟ್ಟ.

"ಅಲ್ಲೋರು ಧೂಳು ಅಂದ್ರೆ ಅನ್ಲಿ ಕಣವ್ವ. ನಿಂಗೂ ಅಂಗೇ ಅನ್ನುಸ್ತಾ?" ಎಂದು ಕೇಳಿ, ಚಾಚಿದ್ದ ಬೆರಳನ್ನು ಪಂಚೆಗೆ ಒರೆಸಿಕೊಂಡ.