ಡಯಾಲಿಸಿಸ್ ವಾರ್ಡಿನ ಪ್ಯಾಲಡಿನ್

ನಮ್ಮ ಡಯಾಲಿಸಿಸ್ ವಾರ್ಡಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬ ವೀರಾಧಿವೀರ ಕೂರುತ್ತಿದ್ದ. ಮೈಗೆ ಚಿನ್ನದ ಕವಚ, ಕೈಯಲ್ಲಿ ಬೆಂಕಿ ಕಾರುವ ಕತ್ತಿ, ಶಿಳ್ಳೆ ಹಾಕಿದರೆ ಆಕಾಶದಿಂದ ಇಳಿದು ಬರುವ ಬಿಳಿ ಕುದುರೆ. ಕಾಲಲ್ಲಿ ಮಾತ್ರ ಸವೆದ ಹವಾಯಿ ಚಪ್ಪಲಿ. ನೀರು ತುಂಬಿ ಊದಿದ ಪಾದಕ್ಕೆ ಬೇರೇನೂ ಹಿಡಿಸುತ್ತಿರಲಿಲ್ಲ.

ಹೊರಗಿನ ಲೋಕದಲ್ಲಿ ಆತ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವವನು. ಹಾಗಾಗಿ ಎಲ್ಲರ ಬಾಯಲ್ಲೂ 'ಚೆಕಿಂಗ್'. ಟಿಕೆಟ್ ಇಲ್ಲದ ಸ್ವಂತ ಸೋದರಮಾವನನ್ನೇ ನಡುದಾರಿಯಲ್ಲಿ ಇಳಿಸಿ ಬಂದವನೆಂಬ ಕೀರ್ತಿ ಅವನಿಗಿತ್ತು. ಆ ಮನೆತನದವರು ಆಮೇಲೆ ಇವನಿಗೆ ಹೆಣ್ಣು ಕೊಡಲಿಲ್ಲ, ಬೇರೆ ಯಾರೂ ಕೊಡಲಿಲ್ಲ. ತಾಯಿಯ ಜೊತೆ ಒಂದು ಕೋಣೆಯ ಮನೆಯಲ್ಲಿ, ಯಾರಿಗೂ ಬಗ್ಗದೆ, ಯಾರಿಗೂ ಬೇಡದೆ ಬದುಕಿದ್ದ.

ಅವನನ್ನು ವೀರನನ್ನಾಗಿಸಿದ ಆಟವನ್ನು ವಾರ್ಡಿಗೆ ತಂದವರು ರೇಡಿಯೋ ರಿಪೇರಿಯ ಯಜಮಾನರು. ಅವರ ಮೊಮ್ಮಗಳು ಬೇಜಾರಾಗಿ ಮೂಲೆಗೆ ಎಸೆದಿದ್ದ ಪೆಟ್ಟಿಗೆ ಅದು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಬದುಕಿದೆವೋ ಸತ್ತೆವೋ ದಾಳ ಹೇಳುತ್ತದೆ. ಯಜಮಾನರು ಕಥೆಗಾರರು. ಬಟ್ಟೆ ಹೊಲಿಯುವ ಅಕ್ಕ ಕಳ್ಳಿ. ನಾನು ಮಾಟಗಾರ. ಚೆಕಿಂಗ್ ಪ್ಯಾಲಡಿನ್, ಅಂದರೆ ಪ್ರತಿಜ್ಞೆ ಮಾಡಿ ಕತ್ತಿ ಹಿಡಿದ ವೀರ. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸುವಂತಿಲ್ಲವಾದ್ದರಿಂದ ಇನ್ನೊಂದು ಕೈಯಲ್ಲಿ, ನರ್ಸಮ್ಮ ಹತ್ತಿಯುಂಡೆ ಹಾಕುವ ಸ್ಟೀಲ್ ತಟ್ಟೆಯೊಳಗೆ ದಾಳ ಉರುಳಿಸುತ್ತಿದ್ದೆವು. ರಾಕ್ಷಸರು ಆ ತಟ್ಟೆಯಲ್ಲೇ ಸಾಯುತ್ತಿದ್ದರು.

ನಮಗೆಲ್ಲ ನೀರು ಅಳತೆಯಲ್ಲಿ. ಬೇಸಿಗೆಯಲ್ಲೂ ಲೋಟದ ತಳ ಒದ್ದೆಯಾಗುವಷ್ಟೇ. ಹಾಗಾಗಿ ನಮ್ಮ ವೀರರು ಯಾವ ಹೊಳೆ ಸಿಕ್ಕರೂ ಹೊಟ್ಟೆ ಬಿರಿಯುವಷ್ಟು ಕುಡಿಯದೆ ದಾಟುತ್ತಿರಲಿಲ್ಲ. "ಹೊಳೆಯಲ್ಲಿ ಮೊಸಳೆ ಇದೆ" ಎಂದು ಯಜಮಾನರು ಹೆದರಿಸಿದರೆ, "ಇರಲಿ ಬಿಡಿ, ಅದೂ ಕುಡೀಲಿ, ಪಾಪ" ಎನ್ನುತ್ತಿದ್ದಳು ಹೊಲಿಗೆ ಅಕ್ಕ.

ಪ್ಯಾಲಡಿನ್‌ಗೆ ಒಂದು ವರವಿತ್ತು. ಕತ್ತಿಯನ್ನು ನೆಲಕ್ಕೂರಿ ಅವನು ಪ್ರಶ್ನೆ ಕೇಳಿದರೆ ಎದುರಿಗಿದ್ದವರು ನಿಜವನ್ನೇ ಹೇಳಬೇಕು. ಬದಲಿಗೆ ಅವನೂ ಸುಳ್ಳು ಹೇಳುವಂತಿಲ್ಲ. ಹೇಳಿದರೆ ವರ, ಕುದುರೆ, ಕತ್ತಿಯ ಬೆಂಕಿ ಎಲ್ಲ ಹೋಗುತ್ತದೆ. ಈ ಪಾತ್ರ ಚೆಕಿಂಗ್‌ಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಒಮ್ಮೆ ದೊರೆಯ ಸೈನಿಕರು ಬಂದು, ಹಸಿವಿಗೆ ಕಾಳು ಕದ್ದ ಮುದುಕ ಎಲ್ಲಿ ಎಂದರು. ನಾವೇ ಅವನನ್ನು ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟಿದ್ದೆವು. ಚೆಕಿಂಗ್ ಮೆದೆ ತೋರಿಸಿದ. ಮುದುಕನನ್ನು ಅಲ್ಲೇ ಮರಕ್ಕೆ ನೇತುಹಾಕಿದರು.

"ಏನಯ್ಯಾ ನೀನು, ವೀರನೋ ಕಟುಕನೋ?" ಎಂದಳು ಹೊಲಿಗೆ ಅಕ್ಕ.

"ಪ್ಯಾಲಡಿನ್ ಸುಳ್ಳು ಹೇಳಲ್ಲ, ಅಷ್ಟೇ. ಒಳ್ಳೆಯವನಾಗಿರಬೇಕು ಅಂತ ಎಲ್ಲಿದೆ?"

"ಎಲ್ಲಿದೆ ಅಂದ್ರೆ? ಒಳ್ಳೇತನ ಇಲ್ದಿದ್ರೆ ಆ ಚಿನ್ನದ ಅಂಗಿ ಯಾಕೆ, ಕಳಚಿ ನನಗೆ ಕೊಡು, ಬ್ಲೌಸ್ ಹೊಲ್ಕೋತೀನಿ."

ಯಜಮಾನರು ನಗುತ್ತ ತೀರ್ಪನ್ನು ಮುಂದೂಡಿದರು.

ಅಷ್ಟರಲ್ಲಿ ಹೊರಗಿನ ಕಥೆ ಕೆಡತೊಡಗಿತ್ತು. ಚೆಕಿಂಗ್‌ನ ರಕ್ತನಾಳಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು. ಎಡತೋಳು ಮುಗಿಯಿತು, ಬಲತೋಳು ಮುಗಿಯಿತು, ಕುತ್ತಿಗೆಗೆ ನಳಿಕೆ ಹಾಕಿದರು. ಅದೂ ಹೋದರೆ ಉಳಿಯುವುದು ತೊಡೆಯೊಂದೇ, ಅದು ಹೆಚ್ಚು ದಿನ ಬಾರದು, ಯಾರದಾದರೂ ಕಿಡ್ನಿ ಕೂರಿಸದೆ ಉಳಿಗಾಲವಿಲ್ಲ ಎಂದರು ಡಾಕ್ಟರು. ಹೊಂದಿದ್ದು ತಂಗಿಯದು.

ತಂಗಿ ಬೇಕರಿಯಲ್ಲಿ ಹಿಟ್ಟು ನಾದುವವಳು. ಮದುವೆಯಾಗಿ ಚಿಕ್ಕ ಮಕ್ಕಳಿದ್ದವು. "ಅಣ್ಣನಿಗೆ ಕೊಡದೆ ಇನ್ಯಾರಿಗೆ ಕೊಡ್ತೀಯೇ, ಎರಡಿದೆಯಲ್ಲ" ಎಂದು ತಾಯಿ ತೀರ್ಮಾನಿಸಿಬಿಟ್ಟಿದ್ದಳು. ಡಾಕ್ಟರು ತಂಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮನಸ್ಸಿದೆಯಾ ಎಂದು ಕೇಳಿದರು. ಇದೆ ಎಂದಳು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಅವಳು ಅಣ್ಣನ ಹತ್ತಿರ ಕೂರಲು ಬಂದಳು. ಮೊಣಕೈಯಲ್ಲಿ ಹಿಟ್ಟು ಹಾಗೇ ಇತ್ತು. ಸುಮ್ಮನೆ ಕೂರುವುದೇಕೆ ಎಂದು ಯಜಮಾನರು ಅವಳಿಗೂ ಪಾತ್ರ ಕೊಟ್ಟರು, ದಾರಿಬದಿಯ ಹೋಟೆಲಿನ ಒಡತಿ. ಲೋಕ ಗೆದ್ದು ಬಂದ ನಮ್ಮನ್ನು ಆಕೆ ಬಾಗಿಲಲ್ಲೇ ತಡೆದಳು. "ಶೂ ಬಿಚ್ಚಿ ಒಳಗೆ ಬನ್ನಿ, ಈಗಷ್ಟೇ ನೆಲ ಒರೆಸಿದೀನಿ. ಕುದುರೆ ಅಲ್ಲೇ ಇರಲಿ." ನರ್ಸಮ್ಮನೂ ನಕ್ಕಳು.

ಚೆಕಿಂಗ್ ನಗಲಿಲ್ಲ. ಪೆನ್ನನ್ನು ತೊಡೆಯ ಮೇಲೆ ನೆಟ್ಟಗೆ ಊರಿದ. ಅದೇ ಅವನ ಕತ್ತಿ.

"ಒಡತೀ, ಪ್ಯಾಲಡಿನ್ ಕೇಳ್ತಿದಾನೆ. ಸಾಯೋ ವೀರನಿಗೆ ನಿನ್ನ ಮೈಯಿಂದ ಒಂದು ತುಂಡು ಕೊಯ್ದು ಕೊಡಬೇಕು. ಕೊಡೋ ಮನಸ್ಸಿದೆಯಾ?"

ಅವಳು ನಮ್ಮ ಮುಖ ನೋಡಿದಳು. ಯಜಮಾನರು, ಪ್ರಶ್ನೆಯ ಒಳಗುಟ್ಟು ಹೊಳೆಯದೆ, "ನಿಜ ಹೇಳಬೇಕಮ್ಮ, ಆಟದ ನಿಯಮ" ಎಂದುಬಿಟ್ಟರು.

ಅವಳ ಕಣ್ಣು ರಕ್ತ ಹರಿಯುವ ಕೊಳವೆಯ ಮೇಲಿತ್ತು. "ಇಲ್ಲ" ಎಂದಳು. "ಒಡತಿಗೆ ಜೀವಭಯ. ಮಕ್ಕಳ ತಲೆ ಬಾಚುವಾಗೆಲ್ಲ ಅದೇ ಯೋಚನೆ. ಯಾರಾದ್ರೂ ಬೇಡ ಬಿಡು ಅಂತಾರಾ ಅಂತ ಕಾಯ್ತಿದಾಳೆ." ಆಮೇಲೆ ಸೆರಗಿನಿಂದ ಮೂಗು ಒರೆಸಿ, "ಆಟಕ್ಕೆ ಹೇಳಿದ್ದು ಕಣೋ ಅಣ್ಣ" ಎಂದಳು.

"ನಾನೂ ಆಟಕ್ಕೇ ಕೇಳಿದ್ದು" ಎಂದ ಅವನು.

ನಿಜ ಹೇಳುವ ದಾರಿ ಅವನಿಗೆ ತೆರೆದೇ ಇತ್ತು. ತಂಗಿಗೆ ಮನಸ್ಸಿಲ್ಲ ಎಂದು ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅದು ತಾಯಿಯ ಕಿವಿಗೆ ಬೀಳುತ್ತಿತ್ತು. ಅಣ್ಣನನ್ನು ಕೊಂದವಳು ಎಂಬ ಹೆಸರನ್ನು ತಂಗಿ ಬದುಕಿಡೀ ಹೊರುತ್ತಿದ್ದಳು. ಮರುದಿನ ಬೆಳಿಗ್ಗೆ ನಮ್ಮ ವೀರ ಡಾಕ್ಟರ ಮುಂದೆ ನಿಂತು, ತಾಯಿಗೂ ಕೇಳಿಸುವಂತೆ, ತನಗೆ ಚಾಕು ಕಂಡರೆ ಹೆದರಿಕೆ, ಕತ್ತರಿಸಿಕೊಳ್ಳುವುದು ತನ್ನಿಂದಾಗದು ಎಂದ. ಡಾಕ್ಟರು ಬುದ್ಧಿ ಹೇಳಿದರು, ಗದರಿದರು. ತಾಯಿ ಎದೆ ಬಡಿದುಕೊಂಡಳು. "ಇಂಥ ಪುಕ್ಕಲನನ್ನ ಹೆತ್ತೆನಲ್ಲ" ಎಂದು ಕಾರಿಡಾರಿನ ಉದ್ದಕ್ಕೂ ಹೇಳಿಕೊಂಡು ಹೋದಳು. ತಂಗಿ ತಲೆಯೆತ್ತದೆ ಅವಳ ಹಿಂದೆ ನಡೆದಳು.

ಮುಂದಿನ ಆಟಕ್ಕೆ ಅವನು ದಾಳ ಮುಟ್ಟಲಿಲ್ಲ. "ನಾನು ಸುಳ್ಳು ಹೇಳಿದೀನಿ. ವರ ತೆಗೀರಿ" ಎಂದ.

"ಆಟದ ಹೊರಗೆ ಹೇಳಿದ್ದು, ಲೆಕ್ಕಕ್ಕಿಲ್ಲ" ಎಂದರು ಯಜಮಾನರು. "ಅದೂ ಒಳ್ಳೇದಕ್ಕೆ ಹೇಳಿದ್ದು."

"ಒಳ್ಳೇದಕ್ಕೇ ಟಿಕೆಟ್ ಇಲ್ದೆ ಹತ್ತಿದ್ದು ಅನ್ನದ ಪ್ರಯಾಣಿಕನನ್ನ ನಾನು ನೋಡೇ ಇಲ್ಲ, ಯಜಮಾನ್ರೇ. ತೆಗೀರಿ."

"ಈಗ ತಾನೇ ಮನುಷ್ಯ ಆಗಿದಾನೆ, ಈಗ ಇಳಿಸ್ತೀರಾ?" ಎಂದು ಹೊಲಿಗೆ ಅಕ್ಕ ಜಗಳಕ್ಕೆ ಬಂದಳು.

"ಮನುಷ್ಯ ಆಗೋಕೆ ಈ ಆಟಕ್ಕೆ ಬರಬೇಕಿತ್ತಾ, ಅಕ್ಕಾ? ಕುದುರೆಗೋಸ್ಕರ ಬಂದೆ."

ತೆಗೆದರು. ಕತ್ತಿ ಆರಿತು, ಕುದುರೆ ಆಕಾಶಕ್ಕೆ ಹೋಯಿತು. ಅಲ್ಲಿಂದಾಚೆ ನಮ್ಮ ಮಹಾಯೋಧ ನಡೆದೇ ಬಂದ, ಕುಳ್ಳ ಪಿಶಾಚಿಗಳ ಕೈಯಲ್ಲೂ ಒದೆ ತಿಂದ, ಹೊಳೆ ಸಿಕ್ಕಲ್ಲಿ ನಮಗಿಂತ ಹೆಚ್ಚು ಕುಡಿದ. ಕುತ್ತಿಗೆಯ ನಳಿಕೆಗೆ ಕೀವು ಹಿಡಿಯಿತು. ತೊಡೆಗೆ ಹಾಕಿದರು. ಜ್ವರದಲ್ಲಿ ನಡುಗುತ್ತಲೂ ತನ್ನ ಸರದಿ ಬಿಡುತ್ತಿರಲಿಲ್ಲ. ಒಂದು ದಿನ ತೊಡೆಯ ನಾಳವೂ ಮುಚ್ಚಿಕೊಂಡಿತು. ಹುಡುಕಲು ಇನ್ನೇನೂ ಉಳಿದಿರಲಿಲ್ಲ. ಮನೆಗೆ ಕರೆದುಕೊಂಡು ಹೋದರು. ವಾರ ತುಂಬುವ ಮೊದಲೇ ಅವನ ಕುರ್ಚಿಯಲ್ಲಿ ಯಾರೋ ಮರಗೆಲಸದವರು ಕೂತಿದ್ದರು.

ವಾರ್ಡಿನಲ್ಲಿ ಉಳಿದಿದ್ದ ಅವನ ಹೊದಿಕೆ ಒಯ್ಯಲು ತಂಗಿ ಬಂದಳು. ಮಡಚಿ ಕಂಕುಳಲ್ಲಿಟ್ಟುಕೊಂಡ ಮೇಲೂ ಹೊರಡಲಿಲ್ಲ.

"ಅವನಿಗೆ ನಿಜವಾಗ್ಲೂ ಅಷ್ಟು ಹೆದರಿಕೆ ಇತ್ತಾ?" ಎಂದು ಕೇಳಿದಳು. "ಚಾಕು, ಸೂಜಿ ಅಂದ್ರೆ?"

ನಾವು ಮೂವರೂ ಯಾವ ಪ್ರತಿಜ್ಞೆಯನ್ನೂ ಮಾಡಿದವರಲ್ಲ.

"ಅಯ್ಯೋ, ಏನು ಕೇಳ್ತೀಯಮ್ಮ" ಎಂದರು ಯಜಮಾನರು.

"ಮಹಾ ಪುಕ್ಕಲ" ಎಂದೆ ನಾನು.

"ಸೂಜಿ ತಂದ್ರೆ ಸಾಕು, ಕಣ್ಣು ಮುಚ್ಕೊಂಡು ಅಮ್ಮಾ ಅಂತ ಕೂಗೋನು" ಎಂದಳು ಹೊಲಿಗೆ ಅಕ್ಕ.

ತಂಗಿ ಒಬ್ಬೊಬ್ಬರ ತೋಳನ್ನೂ ನೋಡುತ್ತ ಬಂದಳು. ದಬ್ಬಳದಂಥ ಸೂಜಿಗಳು, ಪ್ಲಾಸ್ಟರಿನ ಕೆಳಗೆ ಉಬ್ಬಿದ ನಾಳ, ಹಳೆಯ ಚುಚ್ಚುಗಳ ಗಂಟುಗಂಟು ಕಲೆ. ಇಂಥದನ್ನು ಅವಳ ಅಣ್ಣ ವರ್ಷಗಟ್ಟಲೆ ಚುಚ್ಚಿಸಿಕೊಂಡಿದ್ದ.

"ಹೌದಾ" ಎಂದಳು. ಹೊದಿಕೆಯನ್ನು ಬಿಚ್ಚಿ, ಇನ್ನೊಮ್ಮೆ ಚಿಕ್ಕದಾಗಿ ಮಡಚಿಕೊಂಡು, ಬೇಕರಿಗೆ ಹೊತ್ತಾಯಿತೆಂದು ಹೊರಟಳು.